ಗಿಟಾರಿಗೆ ರೂಪವಿತ್ತ ಬಡಗಿ

ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಮರದ ವೀಣೆಯೆಂದೂ ಶರೀರವೆಂಬ ವೀಣೆಯೆಂದೂ ಎರಡನ್ನು ಹೇಳಿರುವನು. ಶರೀರವೀಣೆಯನ್ನು ಮಾಡಿದವನಾರೆಂದು ಕೇಳಿದರೆ ನಮ್ಮಲ್ಲಿ ಯಾರಾದರೂ ಕೂಡಲೆ ಕೈಮುಗಿದು ಉತ್ತರ ಹೇಳಿಯಾರು. ಮರದ ವೀಣೆಯನ್ನು ಮಾಡಿದವನಾರೆಂದು ಕೇಳಿದರೆ ಮಾತ್ರ ಉತ್ತರ ಹೊರಡದು. ನುಡಿಸಿದವರ ಹೆಸರುಗಳುಂಟು, ಅವರಿಗೆ ಶಾಲು ಹೊದಿಸಿದ ಅರಸರ ಹೆಸರುಗಳುಂಟು, ಅವರ ಶಿಷ್ಯಪರಂಪರೆಯನ್ನು ನಾಲ್ಕು ತಲೆಗಳವರೆಗೆ ಎಣಿಸಬಲ್ಲ ರಸಿಕರೂ ಉಂಟು. ಹಲಸಿನ ದಿಮ್ಮಿಯನ್ನು ತೋಡಿ ಕೊಡವನ್ನು ಬಿಡಿಸಿ, ಮೇಣವನ್ನು ಕಾಸಿ ಮೆಟ್ಟಿಲುಗಳನ್ನು ಕೂರಿಸಿದ ಬಡಗಿಯ ಹೆಸರನ್ನು ಬರೆದಿಟ್ಟವರು ವಿರಳ. ಬಡಗಿಗಳೂ ತಮ್ಮ ಹೆಸರನ್ನು ಬರೆಯುವ ಗೋಜಿಗೆ ಹೋಗಲಿಲ್ಲ.

ಪಾಶ್ಚಾತ್ಯದೇಶಗಳಲ್ಲಿ ಈ ವಿಷಯದಲ್ಲಿ ಒಂದು ಒಳ್ಳೆಯ ರೂಢಿಯಿದೆ. ವಾದ್ಯವನ್ನು ಮಾಡಿದವನು ತನ್ನ ಹೆಸರು, ಊರು, ಬೀದಿ, ವರ್ಷ ಇವನ್ನು ಒಂದು ಕಾಗದದಲ್ಲಿ ಬರೆದು ವಾದ್ಯದ ಹೊಟ್ಟೆಯೊಳಗೆ ಅಂಟಿಸಿಬಿಡುತ್ತಾನೆ. ಆ ಚೀಟಿಗಳ ದೆಸೆಯಿಂದಲೇ ಸ್ಪೇನ್ ದೇಶದ ಒಬ್ಬ ಬಡಗಿಯ ಚರಿತ್ರೆಯು ನಮಗೆ ದೊರೆತಿದೆ. ಗಿಟಾರೆಂಬ ವಾದ್ಯವು ಈಗ ನಮ್ಮ ಮನೆಗಳಲ್ಲಿಯೂ ಮಕ್ಕಳ ಕೈಯಲ್ಲಿ ಕಾಣಿಸಿಕೊಳ್ಳುತ್ತಿರುವುದರಿಂದ ವಾಚಕರಿಗೆ ಅದರ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾಗಿಲ್ಲ. ಕಾರ್ಖಾನೆಗಳಿಂದ ಸಾವಿರಗಟ್ಟಲೆಯಾಗಿ ಹೊರಬೀಳುವ ಗಿಟಾರುಗಳ ಮಾತು ಇಲ್ಲಿ ಬೇಡ. ನುಡಿಸುವವನೊಬ್ಬನು ಬಡಗಿಯ ಬಳಿಗೆ ಹೋಗಿ, ತನ್ನ ಕೈಗೂ ಕಿವಿಗೂ ಒಪ್ಪುವುದೊಂದನ್ನು ಮಾಡಿಕೊಡೆಂದು ಕೇಳಿ, ತಿಂಗಳುಗಟ್ಟಲೆ ಕಾದು ಪಡೆಯುವ ಗಿಟಾರೊಂದುಂಟು. ಇಂದು ಲೋಕವೆಲ್ಲ ಗಿಟಾರೆಂದು ಗುರುತಿಸುವ ಆಕಾರವು ಅಂತಹ ಕೇಳಿಕೆಯಿಂದಲೂ ಅದಕ್ಕೆ ಕಿವಿಗೊಟ್ಟ ಒಬ್ಬ ಬಡಗಿಯಿಂದಲೂ ಹುಟ್ಟಿತೆಂಬುದೇ ನಾನು ಹೇಳಹೊರಟಿರುವ ವಿಷಯ.

ಹಳೆಯ ಗಿಟಾರು ಇಂದಿನದಕ್ಕಿಂತ ಕಿರಿದಾದದ್ದು. ಬಹುಕಾಲ ಅದಕ್ಕೆ ಐದು ಜೋಡಿತಂತಿಗಳಿದ್ದವು. ಹದಿನೆಂಟನೆಯ ಶತಮಾನದ ಕೊನೆಯ ಹೊತ್ತಿಗೆ ಜೋಡಿಗಳು ಬಿಟ್ಟುಹೋಗುತ್ತ ಬಂದು, ಮುಂದಿನ ಶತಮಾನದ ಮೊದಲ ಭಾಗದಲ್ಲಿ ಆರು ಒಂಟಿತಂತಿಗಳ ಪದ್ಧತಿಯು ನೆಲೆಗೊಂಡಿತು. ಮನೆಯ ಪಡಸಾಲೆಯಲ್ಲಿ ಹತ್ತು ಮಂದಿಗೆ ಕೇಳಿಸುವಷ್ಟು ದನಿ ಅದಕ್ಕಿತ್ತು. ಆದರೆ ಆ ಕಾಲಕ್ಕೆ ಯೂರೋಪಿನಲ್ಲಿ ಸಂಗೀತವು ಪಡಸಾಲೆಯನ್ನು ಬಿಟ್ಟು, ಹಣ ಕೊಟ್ಟು ಬರುವ ನೂರಾರು ಜನರ ಸಭಾಂಗಣಗಳಿಗೆ ಹೋಗುತ್ತಲಿತ್ತು. ಅಲ್ಲಿ ಪಿಯಾನೋ ವಾದ್ಯವು ಗರ್ಜಿಸುತ್ತಿರುವಾಗ ಗಿಟಾರಿನ ದನಿಯು ಮೂರನೆಯ ಸಾಲನ್ನು ಮುಟ್ಟುವುದೂ ಕಷ್ಟವಾಯಿತು. ಗಿಟಾರನ್ನು ನುಡಿಸುವವರಿಗೆ ಅದು ಅಳಿವು ಉಳಿವುಗಳ ಪ್ರಶ್ನೆಯಾಗಿತ್ತು.

ಅಂತೋನಿಯೋ ದೆ ಟೊರೆಸ್ ಹುರಾದೋ ಎಂಬಾತನು ಸ್ಪೇನಿನ ದಕ್ಷಿಣತೀರದ ಆಲ್ಮೆರಿಯಾ ಪಟ್ಟಣದ ಬಳಿಯ ಒಂದು ಹಳ್ಳಿಯಲ್ಲಿ 1817ನೆಯ ಇಸವಿ ಜೂನ್ 13ರಂದು ಜನಿಸಿದನು. ತಂದೆಯದು ತೆರಿಗೆ ವಸೂಲಿಯ ಕೆಲಸ. ಹನ್ನೆರಡನೆಯ ವಯಸ್ಸಿನಲ್ಲಿ ಹುಡುಗನು ಒಬ್ಬ ಬಡಗಿಯ ಬಳಿ ಕೆಲಸ ಕಲಿಯಲು ನಿಂತನು. 1833ರಲ್ಲಿ ಸಿಂಹಾಸನಕ್ಕಾಗಿ ದೇಶದೊಳಗೆ ಯುದ್ಧವೆದ್ದು, ತರುಣರನ್ನು ಸೈನ್ಯಕ್ಕೆ ಹಿಡಿಯತೊಡಗಿದರು. ಮಗನು ಸೈನ್ಯದ ಪಾಲಾಗದಿರಲೆಂದು ಮನೆಯವರು 1835ರಲ್ಲಿ ಹದಿಮೂರು ವರ್ಷದ ಒಂದು ಹುಡುಗಿಯನ್ನು ತಂದು ಮದುವೆ ಮಾಡಿದರು. ಆ ಸಂಸಾರವು ಸುಖದ್ದಾಗಲಿಲ್ಲ. ಮೂವರು ಹೆಣ್ಣುಮಕ್ಕಳು ಹುಟ್ಟಿ, ಅವರಲ್ಲಿ ಇಬ್ಬರು ಎಳವೆಯಲ್ಲಿಯೇ ತೀರಿಕೊಂಡರು. 1845ರಲ್ಲಿ ಹೆಂಡತಿಯೂ ಕ್ಷಯರೋಗದಿಂದ ಇಪ್ಪತ್ತಮೂರನೆಯ ವಯಸ್ಸಿಗೆ ಗತಿಸಿದಳು. ಆಮೇಲೆ ಆತನು ಸೆವಿಲ್ ನಗರವನ್ನು ಸೇರಿ ಅಲ್ಲಿಯ ಬೀಗದವರ ಬೀದಿಯಲ್ಲಿ ನೆಲೆಸಿದನು.

ಆಲ್ಮೆರಿಯಾ ಸೀಮೆಯವನೇ ಆದ ಹುಲಿಯಾನ್ ಆರ್ಕಾಸನೆಂಬ ವಾದಕನಿಗೂ ಈತನಿಗೂ ಸೆವಿಲ್ಲಿನಲ್ಲಿ ಸ್ನೇಹವಾಯಿತು. ಆರ್ಕಾಸನು 1832ರಲ್ಲಿ ಹುಟ್ಟಿದವನು, ಎಂದರೆ ಬಡಗಿಗಿಂತ ಹದಿನೈದು ವರ್ಷ ಚಿಕ್ಕವನು. ಸಭೆಗಳಲ್ಲಿ ನುಡಿಸಿ ಜೀವಿಸುತ್ತಿದ್ದ ಅವನಿಗೆ ವಾದ್ಯದ ಕೊರತೆಯು ಎಲ್ಲರಿಗಿಂತ ಹೆಚ್ಚಾಗಿ ತಾಗುತ್ತಲಿತ್ತು. ಗಿಟಾರಿನ ಕೆಲಸದಲ್ಲಿಯೇ ನಿಲ್ಲಬೇಕೆಂದೂ, ನಾದವನ್ನು ಹೇಗೆ ಹೆಚ್ಚಿಸಬಹುದೆಂದೂ ಅವನು ಟೊರೆಸನಿಗೆ ಸಲಹೆಯಿತ್ತನೆಂದು ತಿಳಿದುಬರುತ್ತದೆ. ಆ ಸ್ನೇಹದ ಫಲವಾಗಿ 1856ರಲ್ಲಿ ಟೊರೆಸನು ಮಾಡಿದ ಒಂದು ಗಿಟಾರಿಗೆ ಸಿಂಹಿಣಿಯೆಂಬ ಅರ್ಥದ ‘ಲಾ ಲೆಯೋನಾ’ ಎಂಬ ಹೆಸರು ಬಂದಿತು. ಆರ್ಕಾಸನು ಅದನ್ನು ತನ್ನ ಕಚೇರಿಗಳಲ್ಲಿ ನುಡಿಸಿದನು. 1858ರಲ್ಲಿ ಸೆವಿಲ್ಲಿನ ವಸ್ತುಪ್ರದರ್ಶನದಲ್ಲಿ ಟೊರೆಸನಿಗೆ ಕಂಚಿನ ಪದಕವೂ ದೊರೆಯಿತು.

ಈತನು ಮಾಡಿದ್ದೇನು? ತಂತಿಯು ತಾನೇ ಗಾಳಿಯನ್ನು ಬಹಳವಾಗಿ ಅಲುಗಿಸಲಾರದು. ಅದು ಅಷ್ಟು ತೆಳ್ಳಗಿನದು. ತಂತಿಯ ಕಂಪನವು ಕುದುರೆಯ ಮೂಲಕ ಮೇಲ್ಹಲಗೆಗೆ ಇಳಿದು, ಆ ಹಲಗೆಯು ಅಲುಗಿದಾಗ ಒಳಗೂ ಹೊರಗೂ ಇರುವ ಗಾಳಿಯು ಅಲುಗಿ ನಾದವಾಗುತ್ತದೆ. ಹಲಗೆಯು ದಪ್ಪವಾಗಿದ್ದರೆ ಅಲುಗುವುದಿಲ್ಲ. ತೆಳುವಾಗಿದ್ದರೆ ತಂತಿಗಳ ಎಳೆತವನ್ನು ತಾಳುವುದಿಲ್ಲ. ಇಂದಿನ ಗಿಟಾರಿನಲ್ಲಿ ಆರು ತಂತಿಗಳ ಎಳೆತವು ಒಟ್ಟು ಸುಮಾರು 40 ಕಿಲೋಗ್ರಾಂ ತೂಕದಷ್ಟಾಗುತ್ತದೆ. ಎರಡು ಮಿಲ್ಲಿಮೀಟರಿಗೆ ಸ್ವಲ್ಪ ಮೇಲ್ಪಟ್ಟ ದಪ್ಪದ ಹಲಗೆಯೊಂದು ಅಷ್ಟು ಭಾರವನ್ನು ಹಗಲಿರುಳೂ ಹೊತ್ತಿರಬೇಕು, ಬೆರಳು ತಗುಲಿದ ಕೂಡಲೆ ನಡುಗಲೂ ಬೇಕು. ಈ ಎರಡು ವಿರುದ್ಧ ಧರ್ಮಗಳನ್ನು ಒಂದೇ ಹಲಗೆಯಲ್ಲಿ ಕೂಡಿಸುವುದೇ ಗಿಟಾರು ಮಾಡುವವನ ವಿದ್ಯೆಯ ಸಾರ.

ಟೊರೆಸನು ವಾದ್ಯದ ಒಡಲನ್ನು, ಅದರಲ್ಲಿಯೂ ಕೆಳಗಿನ ಭಾಗವನ್ನು ಅಗಲಿಸಿದನು. ಮೇಲ್ಹಲಗೆಯನ್ನು ಹಿಂದಿನವರಿಗಿಂತ ತೆಳ್ಳಗೆ ಮಾಡಿ, ಅದಕ್ಕೆ ಕಣ್ಣಿಗೆ ಕಂಡೂ ಕಾಣದಷ್ಟು ಉಬ್ಬನ್ನು ಕೊಟ್ಟನು. ಅದರ ಒಳಮೈಗೆ, ನಾದರಂಧ್ರದ ಕೆಳಗಿನಿಂದ ಬೀಸಣಿಗೆಯ ಕಡ್ಡಿಗಳಂತೆ ಹರಡುವ ಏಳು ಸಣ್ಣ ಪಟ್ಟಿಗಳನ್ನು ಅಂಟಿಸಿದನು. ಬೀಸಣಿಗೆಯ ಪಟ್ಟಿಗಳು ಅವನ ಕಲ್ಪನೆಯಲ್ಲ. ಆಂದಲೂಸಿಯಾ ಪ್ರಾಂತದ ಸೆವಿಲ್, ಕಾದಿಜ್ ಪಟ್ಟಣಗಳ ಕುಶಲಿಗಳು ಹದಿನೆಂಟನೆಯ ಶತಮಾನದಲ್ಲಿಯೇ ಅವನ್ನು ಬಳಸುತ್ತಿದ್ದರು. ಅವುಗಳ ಸಂಖ್ಯೆಗೂ ಸ್ಥಾನಕ್ಕೂ ಒಂದು ಲೆಕ್ಕವನ್ನು ತಂದು, ಒಡಲು, ಉಬ್ಬು, ಪಟ್ಟಿ ಇವನ್ನೆಲ್ಲ ಒಂದಕ್ಕೊಂದು ಹೊಂದಿಸಿದ್ದು ಇವನ ಕೆಲಸ. ವ್ಯಾಕರಣಶಾಸ್ತ್ರದಲ್ಲಿಯೂ ಪಾಣಿನಿಗೆ ಮುಂಚೆ ವೈಯಾಕರಣರಿದ್ದರು. ಅವರಲ್ಲಿ ಕೆಲವರ ಹೆಸರನ್ನು ಪಾಣಿನಿಯೇ ಹೇಳಿರುವನು. ಆದರೂ ಶಾಸ್ತ್ರವು ಅವನಿಂದಾಚೆಗೆ ಅವನ ಹೆಸರಿನಲ್ಲಿ ನಡೆಯಿತು. ಕಂಪಿಸುವ ತಂತಿಯ ಉದ್ದವು 650 ಮಿಲ್ಲಿಮೀಟರೆಂದು ಇಂದು ಎಲ್ಲರೂ ಹಿಡಿಯುವ ಅಳತೆಯು ಟೊರೆಸನ ವಾದ್ಯಗಳಿಂದ ರೂಢಿಗೆ ಬಂದದ್ದು.

ಮೇಲ್ಹಲಗೆಯೇ ಗಿಟಾರಿನ ಪ್ರಾಣವೆಂದು ಅವನಿಗೆ ಎಷ್ಟು ದೃಢವಾದ ನಂಬಿಕೆಯಿತ್ತೆಂಬುದನ್ನು 1862ರಲ್ಲಿ ಒಂದು ವಿಚಿತ್ರವಾದ ಪ್ರಯೋಗದಿಂದ ತೋರಿಸಿದನು. ಆ ವರ್ಷ ಅವನು ಮಾಡಿದ ಒಂದು ಗಿಟಾರಿನ ಮೇಲ್ಹಲಗೆಯೊಂದು ಒಳ್ಳೆಯ ಸ್ಪ್ರೂಸ್ ಮರದ್ದು. ಬೆನ್ನೂ ಪಕ್ಕಗಳೂ ಕಾಗದದ ರಟ್ಟಿನವು! ಅದು ಬಾರ್ಸಿಲೋನಾ ನಗರದ ಸಂಗೀತವಸ್ತುಸಂಗ್ರಹಾಲಯದಲ್ಲಿದೆ. ತರ್ಕಶಾಸ್ತ್ರದಲ್ಲಿ ಅನ್ವಯವ್ಯತಿರೇಕವೆಂದು ಹೇಳುವರಷ್ಟೆ: ಇದಿದ್ದರೆ ಅದುಂಟು, ಇದಿಲ್ಲದಿದ್ದರೆ ಅದಿಲ್ಲ ಎಂದು ಕಾರಣವನ್ನು ಪರೀಕ್ಷಿಸುವ ಕ್ರಮ. ಬೆಲೆಬಾಳುವ ಮರವನ್ನು ತೆಗೆದು ರಟ್ಟನ್ನಿಟ್ಟರೂ ಗಿಟಾರು ಗಿಟಾರಾಗಿಯೇ ನುಡಿಯಿತೆಂದಮೇಲೆ ನಾದದ ಮುಖ್ಯಕಾರಣವು ಆ ಮರದಲ್ಲಿಲ್ಲವೆಂದಾಯಿತು. ನ್ಯಾಯಶಾಸ್ತ್ರವನ್ನು ಓದದ ಬಡಗಿಯು ಮಾಡಿದ ಈ ಪರೀಕ್ಷೆಯು ಪಾಠಶಾಲೆಯ ಹೊಗೆ–ಬೆಂಕಿಯ ಉದಾಹರಣೆಗಿಂತ ಹುಡುಗರಿಗೆ ಬೇಗ ತಿಳಿದೀತೆಂದು ನನಗೆ ತೋರುತ್ತದೆ.

ಇಂತಹ ವಾದ್ಯವನ್ನು ಮಾಡುವ ಕ್ರಮವು ಇಂದಿಗೂ ಬಹುಮಟ್ಟಿಗೆ ಟೊರೆಸನ ಕಾಲದಂತೆಯೇ ಇದೆ. ಮೊದಲು ಬಡಗಿಯು ಕೇಳಬಂದವನು ನುಡಿಸುವುದನ್ನು ಕೂತು ಕೇಳುತ್ತಾನೆ. ಬೆರಳು ಉದ್ದವೋ ಗಿಡ್ಡವೋ, ಉಗುರಿನಿಂದ ಮೀಟುವನೋ ಬೆರಳ ತುದಿಯ ಮಾಂಸದಿಂದಲೋ, ದೊಡ್ಡ ಸಭೆಯಲ್ಲಿ ನುಡಿಸುವವನೋ, ಫ್ಲಮೆಂಕೋ ಎಂಬ ಜನಪದ ಕುಣಿತಕ್ಕೆ ಜೊತೆಗೂಡುವವನೋ ಎಂಬುದನ್ನೆಲ್ಲ ನೋಡಿಕೊಳ್ಳಬೇಕು. ಕುಣಿತದವನಿಗೆ ಸೈಪ್ರೆಸ್ ಮರದ ಹಗುರವಾದ ಒಡಲು, ದಂಡಿಗೆ ಸಮೀಪವಾದ ತಂತಿಗಳು. ಸಭೆಯವನಿಗೆ ಬೀಟೆಯಂತಹ ಭಾರವಾದ ಮರ, ತುಸು ಎತ್ತರದ ತಂತಿಗಳು. ಕೈ ಚಿಕ್ಕದಾದರೆ ತಂತಿಯ ಉದ್ದವನ್ನು 640 ಮಿಲ್ಲಿಮೀಟರಿಗೆ ಇಳಿಸುವುದುಂಟು. ದಂಡಿಯ ಅಗಲದಲ್ಲಿ ಒಂದು ಮಿಲ್ಲಿಮೀಟರು ಹೆಚ್ಚುಕಡಮೆಯಾದರೂ ನುಡಿಸುವವನ ಹೆಬ್ಬೆರಳು ಅದನ್ನು ಹೇಳಿಬಿಡುತ್ತದೆ.

ಮೇಲ್ಹಲಗೆಗೆ ಬೇಕಾದ ಸ್ಪ್ರೂಸ್ ಮರವು ನಮ್ಮ ಹಿಮಾಲಯದ ದೇವದಾರುವಿನ ಕುಲಕ್ಕೆ ಸೇರಿದ್ದು. ಚಳಿಸೀಮೆಯ ಬೆಟ್ಟಗಳಲ್ಲಿ ನಿಧಾನವಾಗಿ ಬೆಳೆದು, ವರ್ಷವರ್ಷದ ಗೆರೆಗಳು ಒತ್ತಾಗಿಯೂ ನೇರವಾಗಿಯೂ ಇರುವ ಮರವನ್ನು ನಡುವಿನಿಂದ ಹೊರಕ್ಕೆ ಸೀಳಿ, ವರ್ಷಗಟ್ಟಲೆ ನೆರಳಿನಲ್ಲಿ ಒಣಗಿಸಬೇಕು. ಒಂದೇ ತುಂಡನ್ನು ಪುಸ್ತಕವನ್ನು ಬಿಡಿಸಿದಂತೆ ಎರಡಾಗಿ ಬಿಡಿಸಿ ನಡುವೆ ಅಂಟಿಸಿದರೆ ಎಡಬಲಗಳ ಗೆರೆಗಳು ಒಂದಕ್ಕೊಂದು ಕನ್ನಡಿಯಾಗುತ್ತವೆ. ಬಳಿಕ ಕೀಸುಳಿಯಿಂದ ತೆಳ್ಳಗೆ ಮಾಡುತ್ತ ಬರುವುದು. ಬಡಗಿಯು ಆಗಾಗ್ಗೆ ಹಲಗೆಯನ್ನು ಎರಡು ಬೆರಳುಗಳಲ್ಲಿ ಹಿಡಿದು, ಬಾಗಿಸಿ, ಬೆರಳ ಗೆಣ್ಣಿನಿಂದ ತಟ್ಟಿ ಕೇಳುತ್ತಾನೆ. ಎಲ್ಲಿ ನಿಲ್ಲಿಸಬೇಕೆಂಬುದನ್ನು ಅಳತೆಗೋಲು ಹೇಳಲಾರದು, ಏಕೆಂದರೆ ಎರಡು ಮರಗಳು ಒಂದೇ ಸಮನಾಗಿ ಬಿಗಿಯಾಗಿರುವುದಿಲ್ಲ. ಒಂದು ಸಾರಿ ಹೆಚ್ಚಾಗಿ ಕೀಸಿದ್ದನ್ನು ಮತ್ತೆ ಸೇರಿಸುವ ಉಪಾಯವೂ ಇಲ್ಲ.

ಪಕ್ಕದ ಹಲಗೆಗಳನ್ನು ನೀರಿನಲ್ಲಿ ತೋಯಿಸಿ ಕಾದ ಕಬ್ಬಿಣದ ಕೊಳವೆಯ ಮೇಲೆ ಬಗ್ಗಿಸುತ್ತಾರೆ. ಸ್ಪೇನಿನ ಪದ್ಧತಿಯಲ್ಲಿ ಮೇಲ್ಹಲಗೆಯನ್ನು ಬೋರಲಾಗಿ ಮಣೆಯ ಮೇಲಿಟ್ಟು, ದಂಡಿಯನ್ನು ಅದರೊಡನೆ ಕೂಡಿಸಿ, ದಂಡಿಯ ಬುಡದ ಸೀಳುಗಳಲ್ಲಿ ಪಕ್ಕದ ಹಲಗೆಗಳನ್ನು ಹೊಗಿಸಿ, ಚಿಕ್ಕ ಚಿಕ್ಕ ಮರದ ತುಂಡುಗಳನ್ನು ಬಿಸಿ ಅಂಟಿನಿಂದ ಒಂದೊಂದಾಗಿ ಕೂರಿಸುತ್ತ ಸುತ್ತುವರಿಯುತ್ತಾರೆ. ಕಡೆಗೆ ಬೆನ್ನಿನ ಹಲಗೆಯನ್ನು ಮುಚ್ಚುವುದು. ಅದು ಮುಚ್ಚಿದ ಮೇಲೆ ತನ್ನ ಒಳಗೆಲಸವನ್ನು ಬಡಗಿಯೂ ಕಣ್ಣಾರೆ ಪೂರ್ತಿಯಾಗಿ ನೋಡಲಾರನು.

ಮೆಟ್ಟಿಲುಗಳ ವಿಷಯದಲ್ಲಿ ನಮ್ಮ ವೀಣೆಗೂ ಗಿಟಾರಿಗೂ ಒಂದು ಭೇದವುಂಟು. ವೀಣೆಯ ಮೆಟ್ಟಿಲುಗಳು ಮೇಣದಲ್ಲಿ ನಿಂತಿರುವುದರಿಂದ ಶ್ರುತಿ ತಪ್ಪಿದರೆ ಮೇಣವನ್ನು ಕಾಸಿ ಸರಿಸಬಹುದು. ಗಿಟಾರಿನವನ್ನು ಮರದಲ್ಲಿ ಹೊಡೆದು ಬಿಗಿದಿರುವರು. ಆದಕಾರಣ ಮೊದಲೇ ಲೆಕ್ಕಹಾಕಿ ಕೊಯ್ಯಬೇಕು. ಉಳಿದ ತಂತಿಯ ಉದ್ದವನ್ನು 17.817ರಿಂದ ಭಾಗಿಸಿ ಬಂದಷ್ಟು ದೂರದಲ್ಲಿ ಮುಂದಿನ ಮೆಟ್ಟಿಲು. 650 ಮಿಲ್ಲಿಮೀಟರಿನ ತಂತಿಗೆ ಮೊದಲನೆಯದು ಸುಮಾರು ಮೂವತ್ತಾರೂವರೆ ಮಿಲ್ಲಿಮೀಟರಿಗೆ ಬರುತ್ತದೆ, ಹನ್ನೆರಡನೆಯದು ಸರಿಯಾಗಿ ಅರ್ಧಕ್ಕೆ, 325ಕ್ಕೆ. ಕೊನೆಯ ಹೊಳಪನ್ನು ಅರಗಿನಿಂದ ಕೊಡುತ್ತಾರೆ. ನಮ್ಮ ದೇಶದ ಕಾಡುಗಳಿಂದ ಹೋಗುವ ಅರಗನ್ನು ಮದ್ಯಸಾರದಲ್ಲಿ ಕರಗಿಸಿ, ಬಟ್ಟೆಯ ಉಂಡೆಯಲ್ಲಿ ಅದ್ದಿ, ದಿನಗಟ್ಟಲೆ ಉಜ್ಜಿ ಉಜ್ಜಿ ಕೂದಲೆಳೆಗಿಂತ ತೆಳುವಾದ ಪೊರೆಯನ್ನು ಬರಿಸುವುದು. ಪಾಂಡವರನ್ನು ಸುಡುವುದಕ್ಕೆಂದು ಮನೆ ಕಟ್ಟಿದ ವಸ್ತುವಿಗೆ ಇಂತಹ ಸಾತ್ತ್ವಿಕವಾದ ಉಪಯೋಗವೂ ಇದೆ.

ಟೊರೆಸನ ಚರಿತ್ರೆಗೆ ಹಿಂದಿರುಗೋಣ. 1869ರಲ್ಲಿ ಬಾರ್ಸಿಲೋನಾದ ಒಬ್ಬ ವರ್ತಕನು ಹದಿನೇಳು ವರ್ಷದ ಬಡಹುಡುಗನೊಬ್ಬನನ್ನು ಕರೆದುಕೊಂಡು ಸೆವಿಲ್ಲಿಗೆ ಬಂದನು. ಹುಡುಗನಿಗೆ ಒಂದು ಒಳ್ಳೆಯ ಗಿಟಾರನ್ನು ಕೊಡಿಸಬೇಕೆಂಬುದು ವರ್ತಕನ ಅಭಿಲಾಷೆ. ಟೊರೆಸನು ಮಾರಾಟಕ್ಕಿದ್ದ ಸಾಧಾರಣವಾದುದೊಂದನ್ನು ತೆಗೆದುಕೊಟ್ಟನು. ಹುಡುಗನು ಅದನ್ನು ನುಡಿಸತೊಡಗಿದನು. ಬಡಗಿಯು ಸ್ವಲ್ಪ ಹೊತ್ತು ಕೇಳಿ, ಒಳಕ್ಕೆ ಹೋಗಿ, 1864ರಲ್ಲಿ ತಾನು ಮಾಡಿ ತನಗೆಂದೇ ಇಟ್ಟುಕೊಂಡಿದ್ದ ಗಿಟಾರನ್ನು ತಂದು ಅವನ ಕೈಗಿತ್ತನು. ಆ ಹುಡುಗನೇ ಫ್ರಾನ್ಸಿಸ್ಕೋ ಟಾರೆಗ. ಮುಂದೆ ಗಿಟಾರನ್ನು ನುಡಿಸುವ ಮಾರ್ಗವನ್ನು ಹೊಸದಾಗಿ ಕಟ್ಟಿ, ಶಿಷ್ಯರನ್ನು ತಯಾರಿಸಿ, 1909ರಲ್ಲಿ ತೀರಿಕೊಂಡನು. ಟಾರೆಗನು ಆ ವಾದ್ಯವನ್ನು ಬಹುಕಾಲ ನುಡಿಸಿದ್ದರಿಂದಲೇ ಟೊರೆಸನ ಆಕಾರವು ಸ್ಪೇನಿನಲ್ಲೆಲ್ಲ ಮಾದರಿಯಾಯಿತು.

ಆದರೆ ಬಡಗಿಯ ಮನೆಯಲ್ಲಿ ಒಲೆ ಉರಿಯಬೇಕಷ್ಟೆ. ಹುಡುಗನು ಬಂದುಹೋದ ಮರುವರ್ಷವೇ, 1870ರಲ್ಲಿ, ಟೊರೆಸನು ಸೆವಿಲ್ಲಿನ ಕೆಲಸವನ್ನು ನಿಲ್ಲಿಸಿ, ಎರಡನೆಯ ಹೆಂಡತಿಯೊಡನೆ ಆಲ್ಮೆರಿಯಾಕ್ಕೆ ಹಿಂದಿರುಗಿ, ಪಿಂಗಾಣಿ ಮತ್ತು ಗಾಜಿನ ಪಾತ್ರೆಗಳ ಅಂಗಡಿಯನ್ನಿಟ್ಟನು. ಗಿಟಾರಿಗೆ ಇಂದಿನ ರೂಪವನ್ನಿತ್ತವನು ಐವತ್ತಮೂರನೆಯ ವಯಸ್ಸಿನಲ್ಲಿ ತಟ್ಟೆ ಬಟ್ಟಲುಗಳನ್ನು ಮಾರುತ್ತ ಕುಳಿತನು! ಐದು ವರ್ಷಗಳ ಮೇಲೆ, 1875ರಲ್ಲಿ, ಅಂಗಡಿಯ ಕೆಲಸದ ನಡುನಡುವೆ ಮತ್ತೆ ಉಳಿಯನ್ನು ಹಿಡಿದನು. ಅಲ್ಲಿಂದಾಚೆಯ ವಾದ್ಯಗಳ ಚೀಟಿಗಳಲ್ಲಿ ‘ಎರಡನೆಯ ಕಾಲ’ವೆಂದು ಬರೆದು ಹೊಸದಾಗಿ ಸಂಖ್ಯೆಯನ್ನು ಹಾಕುತ್ತ ಬಂದಿರುವನು. ಆ ಎರಡು ಪದಗಳಲ್ಲಿರುವ ಅಭಿಮಾನವನ್ನು ವಾಚಕರು ಗಮನಿಸಬೇಕು.

ಮುಪ್ಪಿನಲ್ಲಿ ಅವನ ಒಡನಾಟದಲ್ಲಿದ್ದ ಹುವಾನ್ ಮಾರ್ಟಿನೆಸ್ ಸಿರ್ವೆಂತ್ ಎಂಬ ಪಾದ್ರಿಯು ಬರೆದಿಟ್ಟ ಕೆಲವು ಸಂಗತಿಗಳಿವೆ. ಪಟ್ಟಿಗಳನ್ನು ಅಂಟಿಸುವ ಹೊತ್ತಿಗೆ ಟೊರೆಸನು ಬಾಗಿಲನ್ನು ಮುಚ್ಚಿಕೊಳ್ಳುತ್ತಿದ್ದನಂತೆ. ಮನೆಯವರಿಗೂ ಒಳಗೆ ಪ್ರವೇಶವಿರಲಿಲ್ಲವಂತೆ. ಒಂದು ಔತಣದಲ್ಲಿ ಗಣ್ಯರೊಬ್ಬರು, ಈ ವಿದ್ಯೆಯ ರಹಸ್ಯವನ್ನು ನಿನ್ನೊಡನೆ ಸಮಾಧಿಗೆ ಒಯ್ಯಬೇಡ, ಲೋಕಕ್ಕೆ ಬಿಟ್ಟುಹೋಗು ಎಂದು ಕೇಳಿದರು. ಬಿಟ್ಟುಹೋಗುವುದು ತನ್ನ ವಶದಲ್ಲಿಲ್ಲವೆಂದೂ, ಹಲಗೆಯು ಹದಕ್ಕೆ ಬಂದಿದೆಯೇ ಇಲ್ಲವೇ ಎಂದು ಹೆಬ್ಬೆರಳು ತೋರುಬೆರಳುಗಳ ತುದಿಯು ಬುದ್ಧಿಗೆ ತಿಳಿಸುವುದೇ ತನ್ನ ರಹಸ್ಯವೆಂದೂ ಅವನು ಉತ್ತರವಿತ್ತನು. ನಮ್ಮವರು ಇದನ್ನು ಹಸ್ತಗುಣವೆಂಬ ಒಂದು ಮಾತಿನಲ್ಲಿ ಮುಗಿಸುವರು. ಅವನ ಉತ್ತರವು ಅದಕ್ಕಿಂತ ಖಚಿತವಾದುದು. ಬೆರಳು ತಿಳಿಸುವುದು, ಬುದ್ಧಿ ನಿರ್ಣಯಿಸುವುದು ಎಂದು ಎರಡನ್ನು ಬೇರೆ ಬೇರೆಯಾಗಿ ಹೇಳಿದನು. 1892ನೆಯ ನವಂಬರ್ 19ರಂದು, ಎಪ್ಪತ್ತೈದನೆಯ ವಯಸ್ಸಿನಲ್ಲಿ ಟೊರೆಸನು ಕಾಲವಾದನು.

ರಹಸ್ಯವು ಹೋದರೂ ವಾದ್ಯಗಳು ಉಳಿದಿದ್ದವು. ಮಾಡ್ರಿಡಿನ ಮಾನುಯೆಲ್ ರಾಮಿರೆಸನು ಅವನ್ನು ಅನುಸರಿಸಿ ಮಾಡತೊಡಗಿದನು. 1912ರಲ್ಲಿ ಹತ್ತೊಂಬತ್ತು ವರ್ಷದ ಆಂದ್ರೆಸ್ ಸೆಗೋವಿಯಾ ಒಂದು ಕಚೇರಿಗಾಗಿ ಗಿಟಾರನ್ನು ಬಾಡಿಗೆಗೆ ಕೇಳಲು ಅವನ ಅಂಗಡಿಗೆ ಹೋದನು. ನುಡಿಸಿದ್ದನ್ನು ಕೇಳಿ ರಾಮಿರೆಸನು ವಾದ್ಯವನ್ನೇ ಕೊಟ್ಟುಬಿಟ್ಟನು. ಸೆಗೋವಿಯಾ 1924ರಲ್ಲಿ ಜರ್ಮನಿಯ ಮ್ಯೂನಿಕ್ ನಗರಕ್ಕೆ ಹೋಗಿದ್ದಾಗ ಹೆರ್ಮನ್ ಹೌಸರನೆಂಬ ಕುಶಲಿಯು ಆ ಗಿಟಾರನ್ನು ಪರೀಕ್ಷಿಸಿ ಅಳತೆಗಳನ್ನು ತೆಗೆದುಕೊಂಡನು. ಟಾರೆಗನ ಶಿಷ್ಯನಾದ ಮಿಗೆಲ್ ಯೊಬೆತನ ಬಳಿಯಿದ್ದ, ಟೊರೆಸನೇ ಮಾಡಿದ ಗಿಟಾರೂ ಅವನ ಕಣ್ಣಿಗೆ ಬಿದ್ದಿತ್ತು. ಅಲ್ಲಿಂದ ಹೌಸರನು ಒಂದಾದಮೇಲೊಂದು ಗಿಟಾರನ್ನು ಮಾಡಿ ತೋರಿಸುವುದು, ಸೆಗೋವಿಯಾ ನುಡಿಸಿ ನೋಡಿ ಇನ್ನೂ ಸಾಲದೆನ್ನುವುದು. ಹೀಗೆ ಹದಿಮೂರು ವರ್ಷಗಳು ನಡೆದವು. 1937ರಲ್ಲಿ ಬಂದ ಗಿಟಾರನ್ನು ಸೆಗೋವಿಯಾ ಒಪ್ಪಿದನು. ಆ ಯುಗದ ಅತ್ಯುತ್ತಮವಾದ ಗಿಟಾರೆಂದು ಹೊಗಳಿದನು. 1962ರವರೆಗೆ ಅದನ್ನೇ ನುಡಿಸಿದನು. ಮಾಡಿಸುವವನು ಹದಿಮೂರು ವರ್ಷ ಒಲ್ಲೆನೆನ್ನುವುದು, ಮಾಡುವವನು ಅಷ್ಟು ವರ್ಷವೂ ಮುನಿಸಿಕೊಳ್ಳದಿರುವುದು, ಇವೆರಡರಲ್ಲಿ ಯಾವುದು ದೊಡ್ಡದೆಂದು ನಾನು ಹೇಳಲಾರೆ. ರಾಮಿರೆಸನ ಗಿಟಾರೂ ಹೌಸರನ ಗಿಟಾರೂ ಈಗ ನ್ಯೂಯಾರ್ಕಿನ ಮೆಟ್ರೋಪಾಲಿಟನ್ ವಸ್ತುಸಂಗ್ರಹಾಲಯದಲ್ಲಿವೆ. ಟೊರೆಸನ ಜೀವನವೃತ್ತಾಂತವನ್ನು ಸಂಶೋಧಿಸಿ 1987ರಲ್ಲಿ ಗ್ರಂಥವಾಗಿ ಬರೆದವನೂ ಪಂಡಿತನಲ್ಲ, ಗಿಟಾರು ಮಾಡುವವನೇ: ಹೊಸೆ ಲೂಯಿಸ್ ರೊಮಾನಿಯೋಸ್. ಈತನು ಇಂಗ್ಲೆಂಡಿನಲ್ಲಿ ಮರಗೆಲಸ ಮಾಡುತ್ತಿದ್ದು, ಜೂಲಿಯನ್ ಬ್ರೀಮನೆಂಬ ವಾದಕನಿಗಾಗಿ 1973ರಲ್ಲಿ ಮಾಡಿದ ಗಿಟಾರಿನಿಂದ ಪ್ರಸಿದ್ಧನಾದನು, 2022ರಲ್ಲಿ ತೀರಿಕೊಂಡನು.

ಈ ಕಥೆಯು ಕಡೆಗೆ ನಮ್ಮ ಮಲೆನಾಡಿನ ಬಾಗಿಲಿಗೂ ಬಂದು ನಿಲ್ಲುತ್ತದೆ. ಗಿಟಾರಿನ ಬೆನ್ನಿಗೂ ಪಕ್ಕಗಳಿಗೂ ಬಹುಕಾಲ ಬ್ರೆಜಿಲ್ ದೇಶದ ಬೀಟೆಯ ಜಾತಿಯ ಮರವೇ ಶ್ರೇಷ್ಠವೆಂದು ಎಣಿಸಲ್ಪಟ್ಟಿತ್ತು. 1960ರ ದಶಕದ ಕೊನೆಯಲ್ಲಿ ಬ್ರೆಜಿಲ್ ಸರ್ಕಾರವು ದಿಮ್ಮಿಗಳನ್ನು ಹೊರಕ್ಕೆ ಬಿಡುವುದನ್ನು ನಿಲ್ಲಿಸಲು, ಗಿಟಾರು ಮಾಡುವವರ ದೃಷ್ಟಿಯು ಪಶ್ಚಿಮಘಟ್ಟಗಳ ಬೀಟೆಯ ಮೇಲೆ ಬಿದ್ದಿತು. 1833ರಿಂದಲೂ ಅಮೆರಿಕದಲ್ಲಿ ಗಿಟಾರುಗಳನ್ನು ಮಾಡುತ್ತ ಬಂದ ಮಾರ್ಟಿನ್ ಸಂಸ್ಥೆಯವರು 1969ರಲ್ಲಿ ಬ್ರೆಜಿಲ್ಲಿನ ಮರಕ್ಕೆ ಬದಲಾಗಿ ಭಾರತದ ಬೀಟೆಯನ್ನು ಬಳಸಲಾರಂಭಿಸಿದರು. ಇತರರೂ ಹಾಗೆಯೇ ಮಾಡಿದರು. ನಮ್ಮ ಹಿರಿಯರು ಬಾಗಿಲುವಾಡಕ್ಕೂ ಮಂಚಕ್ಕೂ ಬಳಸುತ್ತಿದ್ದ ಮರವು, ಮೈಸೂರಿನ ಕೆತ್ತನೆಯವರು ದಂತವನ್ನು ಕೂರಿಸುತ್ತಿದ್ದ ಮರವು, ಹೀಗೆ ಕಡಲಾಚೆಯ ಸಂಗೀತಸಭೆಗಳನ್ನು ಹೊಕ್ಕಿತು. ನಾದಕ್ಕೆ ಅದು ಮುಖ್ಯವಲ್ಲವೆಂದು ಟೊರೆಸನ ರಟ್ಟಿನ ಗಿಟಾರು ಸಾರುತ್ತಿದ್ದರೂ, ಮಾಡಿಸುವವರ ಕಣ್ಣು ಅದರ ಕೆಂಗಪ್ಪು ಗೆರೆಗಳನ್ನೇ ಬೇಡುತ್ತದೆ.

ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ, ಮರವನ್ನು ಕಡಿಯುವ ಮೊದಲು ಅದನ್ನು ಪೂಜಿಸಿ, ಅದರಲ್ಲಿ ವಾಸವಾಗಿರುವ ಭೂತಗಳು ಬೇರೆ ಕಡೆಗೆ ತೆರಳಬೇಕೆಂದು ಪ್ರಾರ್ಥಿಸುವ ವಿಧಿಯನ್ನು ಹೇಳಿದ್ದಾನೆ. ಈಗ ಅಪ್ಪಣೆಯನ್ನು ಬೇರೆ ಕಡೆಗಳಲ್ಲಿ ಕೇಳಬೇಕಾಗಿದೆ. ಬೀಟೆಯು ನೆಟ್ಟು ಒಂದು ತಲೆಮಾರಿನಲ್ಲಿ ಕೈಗೆ ಬರುವ ಮರವಲ್ಲ. ಕಾಡುಗಳಲ್ಲಿ ಅದು ಕುಗ್ಗುತ್ತಿದೆಯೆಂದು ತಜ್ಞರು ಎಣಿಸಿದ್ದಾರೆ. 2017ನೆಯ ಜನವರಿ 2ರಿಂದ ಬೀಟೆಯ ಕುಲದ ಮರಗಳೆಲ್ಲವೂ ಅಂತರರಾಷ್ಟ್ರೀಯ ಒಪ್ಪಂದದ ಹತೋಟಿಗೆ ಬಂದು, ಗಿಟಾರೊಂದನ್ನು ಗಡಿ ದಾಟಿಸಿ ಮಾರುವುದಕ್ಕೂ ಪತ್ರಗಳು ಬೇಕಾದವು. ವಾದಕರೂ ಕುಶಲಿಗಳೂ ಮೊರೆಯಿಟ್ಟದ್ದರಿಂದ 2019ನೆಯ ನವಂಬರ್ 26ರಿಂದ ಪೂರ್ತಿಯಾದ ವಾದ್ಯಗಳಿಗೆ ವಿನಾಯಿತಿಯು ದೊರೆಯಿತು. ಮರದ ಹಲಗೆಗೆ ಆ ವಿನಾಯಿತಿ ಇಲ್ಲ. ಇಂದು ಮ್ಯೂನಿಕ್ಕಿನಲ್ಲಿಯಾಗಲಿ ಮಾಡ್ರಿಡಿನಲ್ಲಿಯಾಗಲಿ ಒಬ್ಬ ಬಡಗಿಯು ನಮ್ಮ ಬೀಟೆಯ ಎರಡು ಹಲಗೆಗಳನ್ನು ತರಿಸಿಕೊಳ್ಳಬೇಕಾದರೆ, ಹಲಗೆಗಳ ಜೊತೆಯಲ್ಲಿ ಅವು ಎಲ್ಲಿಂದ, ಹೇಗೆ ಬಂದವೆಂಬುದಕ್ಕೆ ಸರ್ಕಾರದ ಪತ್ರವನ್ನೂ ತರಿಸಿಕೊಂಡು ಪೆಟ್ಟಿಗೆಯಲ್ಲಿ ಜೋಪಾನವಾಗಿ ಇಟ್ಟುಕೊಳ್ಳಬೇಕು.